ಬೆಲ್ಟ್ ಮೇಲಿನ ವಿಮಾನ

ನಿನ್ನೆ ಊಟದ ಹೊತ್ತಲ್ಲಿ ಮಗಳು ಕೇಳಿದಳು: "ಅಪ್ಪಾ, ರನ್‌ವೇ ಬದಲು ದೊಡ್ಡ ಕನ್ವೇಯರ್ ಬೆಲ್ಟ್ ಇದ್ದು, ಅದು ಹಿಂದಕ್ಕೆ ಓಡ್ತಿದ್ರೆ ವಿಮಾನ ಏಳುತ್ತಾ?" ಏಳಲ್ಲ, ನಿಂತಲ್ಲೇ ಇರುತ್ತೆ ಅಂದೆ. ಮಲಗಿದ ಮೇಲೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು.

ಬೆಳಿಗ್ಗೆ ಟ್ರೆಡ್‌ಮಿಲ್ ಮೇಲೆ ಅವಳ ಆಟದ ಕಾರು ಇಟ್ಟು, ಮುಂದೆ ದಾರ ಕಟ್ಟಿ ಹಿಡಿದೆವು. ಬೆಲ್ಟ್ ವೇಗ ಜಾಸ್ತಿ ಮಾಡಿದರೂ ಬೆರಳಿಗೆ ಎಳೆತ ಹೆಚ್ಚಾದಂತೆ ಅನ್ನಿಸಲಿಲ್ಲ. ಚಕ್ರ ಮಾತ್ರ ಗಿರ್ರನೆ ತಿರುಗುತ್ತಿತ್ತು. ಅವಳು ದಾರವನ್ನು ಮೆಲ್ಲಗೆ ಎಳೆದಳು. ಕಾರು ಆರಾಮಾಗಿ ಮುಂದಕ್ಕೆ ಬಂತು!

ವಿಮಾನವೂ ಹಾಗೇ. ಕಾರಿನಂತೆ ಅದರ ಎಂಜಿನ್ ಚಕ್ರವನ್ನು ತಿರುಗಿಸುವುದಿಲ್ಲ. ಪ್ರೊಪೆಲರ್ ಆಗಲಿ ಜೆಟ್ ಆಗಲಿ, ಗಾಳಿಯನ್ನು ಹಿಂದಕ್ಕೆ ತಳ್ಳಿ ವಿಮಾನವನ್ನು ಮುಂದಕ್ಕೆ ಒಯ್ಯುತ್ತದೆ. ಚಕ್ರ ಸುಮ್ನೆ ಉರುಳುತ್ತದೆ. ಗಂಟೆಗೆ 250 ಕಿ.ಮೀ. ವೇಗದಲ್ಲಿ ಏಳುವ ವಿಮಾನದ ಕೆಳಗೆ ಬೆಲ್ಟ್ ಅಷ್ಟೇ ವೇಗದಲ್ಲಿ ಹಿಂದಕ್ಕೆ ಓಡಿದರೆ, ಚಕ್ರ 500ರ ಲೆಕ್ಕದಲ್ಲಿ ತಿರುಗುತ್ತದೆ, ಅಷ್ಟೇ. ಟೈರ್ ತಡೆಯುತ್ತಾ ಅನ್ನೋದು ಬೇರೆ ಮಾತು.

ಹಾಗಂತ ಬೆಲ್ಟ್ ಹಾಕಿ ರನ್‌ವೇ ಚಿಕ್ಕದು ಮಾಡೋಕಾಗಲ್ಲ. ರೆಕ್ಕೆಗೆ ಗಾಳಿ ಸಿಗಬೇಕಲ್ವಾ, ಅದಕ್ಕೆ ಓಡಲೇಬೇಕು.

2008ರಲ್ಲಿ ಅಮೆರಿಕದ ಮಿತ್‌ಬಸ್ಟರ್ಸ್ ಟಿವಿ ತಂಡ ಉದ್ದನೆಯ ಟಾರ್ಪಾಲನ್ನು ಟ್ರಕ್ಕಿನಿಂದ ಹಿಂದಕ್ಕೆ ಎಳೆಸಿ, ಅದರ ಮೇಲೆ ಪುಟ್ಟ ಅಲ್ಟ್ರಾಲೈಟ್ ವಿಮಾನ ಓಡಿಸಿತ್ತು. ಅದು ಹಾರಿತು. ಏಳಲ್ಲ ಅಂತ ಅದರ ಪೈಲಟ್ ಕೂಡ ಅಂದುಕೊಂಡಿದ್ದರಂತೆ.

ಈಗ ಮಗಳ ಹೊಸ ಪ್ರಶ್ನೆ: ಬೆಲ್ಟ್ ಬದಲು ಎದುರುಗಾಳಿ ಬೀಸಿದ್ರೆ? ಆಗ ಇನ್ನೂ ಬೇಗ ಏಳುತ್ತೆ, ಪುಟ್ಟಿ.