ಐನೂರು ಮಂದಿ ಎಲ್ಲಿ ಕೂಡುತ್ತಿದ್ದರು?

ಇಳಕಲ್ಲಿನಲ್ಲಿ ನಮ್ಮದು ಸೀರೆ ಅಂಗಡಿ. ನಮ್ಮ ವ್ಯಾಪಾರಸ್ಥರದ್ದೊಂದು ಸಣ್ಣ ಸಂಘವಿದೆ, ಹಿರಿಯರು ಕಟ್ಟಿಸಿದ ಒಂದು ಹಾಲ್ ಇದೆ. ಹಿಂದೆ ಲೆಕ್ಕ, ಜಗಳ, ರಾಜಿ ಎಲ್ಲ ಅಲ್ಲೇ ನಡೀತಿತ್ತಂತೆ. ಈಗ ಅದರ ಬಾಡಿಗೆಯೇ ಸಂಘಕ್ಕೆ ಆಧಾರ. ಹೋದ ವರ್ಷ ಒಂದು ಭಾನುವಾರ ಸಭೆಗೆ ಅಂತ ಹೋದರೆ ಬಾಗಿಲಿಗೆ ಬಾಳೆಕಂಬ ಕಟ್ಟಿದ್ದರು. ಮದುವೆ! ನಮ್ಮ ಹಾಲಿನಲ್ಲಿ ನಮಗೇ ಜಾಗವಿಲ್ಲ.

ಗೊಣಗುತ್ತಾ ಮನೆಗೆ ಬಂದೆ. ಹತ್ತನೇ ಕ್ಲಾಸಿನಲ್ಲಿರುವ ತಮ್ಮನ ಮಗಳು, "ದೊಡ್ಡಪ್ಪಾ, ಹೆಂಗೂ ಖಾಲಿ ಇದ್ದೀರಿ, ಐಹೊಳೆಗೆ ಹೋಗೂಣು ಬರ್ರಿ" ಅಂದಳು. ಶಾಲೆಯಲ್ಲಿ 'ಅಯ್ಯಾವೊಳೆ ಐನೂರ್ವರು' ಬಗ್ಗೆ ಬರೆಯಲು ಹೇಳಿದ್ದರಂತೆ. ಅಮೀನಗಡದಲ್ಲಿ ಕರದಂಟು ತಗೊಂಡು ಹೊರಟೆವು.

ಆ ಐನೂರ್ವರು ಸುಮ್ನೆ ಮಂದಿಯಲ್ಲ. ಐಹೊಳೆಯ ಹೆಸರು ಹೊತ್ತ ವರ್ತಕರ ಸಂಘ. ಕತ್ತೆ, ಕೋಣಗಳ ಮೇಲೆ ಮಾಲು ಹೇರಿಕೊಂಡು ಊರೂರು ತಿರುಗಿದವರು. ಮುತ್ತು, ಏಲಕ್ಕಿ, ಲವಂಗ, ಕರ್ಪೂರ, ಆನೆ, ಕುದುರೆ, ಅವರು ಮಾರದೇ ಇದ್ದದ್ದೇ ಕಡಿಮೆ. ಸಮುದ್ರದಾಚೆ ಸುಮಾತ್ರಾದ ಬಾರೂಸ್‌ನಲ್ಲೂ ಅವರ ಶಾಸನ ಸಿಕ್ಕಿದೆ. ಇಸವಿ 1088, ಭಾಷೆ ತಮಿಳು. ನಾನು ಸೀರೆ ಗಂಟು ಹೊತ್ತು ಹೋದದ್ದು ಹೆಚ್ಚೆಂದರೆ ಸೊಲ್ಲಾಪುರಕ್ಕೆ.

"ಹಂಗಾದ್ರ ಅವರ ಹಾಲ್ ಎಲ್ಲೈತಿ?" ಹುಡುಗಿ ಕೇಳಿದಳು. ಗೈಡ್ ನಮ್ಮನ್ನು ಲಾಡಖಾನ್ ಗುಡಿಗೆ ಕರೆದುಕೊಂಡು ಹೋದರು.

ಒಳಗೆ ಕಾಲಿಟ್ಟರೆ ಗುಡಿ ಅಂತಲೇ ಅನಿಸುವುದಿಲ್ಲ. ಚೌಕನೆಯ ದೊಡ್ಡ ಪಡಸಾಲೆ, ಸಾಲು ಕಂಬ, ನಡುವೆ ನಂದಿ. ಗರ್ಭಗುಡಿಯನ್ನು ಹಿಂದಿನ ಗೋಡೆಗೆ ಒತ್ತಿ ಆಮೇಲೆ ಸೇರಿಸಿದಂತಿದೆ. ಚಾವಣಿ ಇಳಿಜಾರು. ಹಾಸುಗಲ್ಲುಗಳ ಸಂದಿಗೆ ಮರದ ತೊಲೆಯಂಥ ಉದ್ದನೆಯ ಕಲ್ಲುಪಟ್ಟಿ ಮುಚ್ಚಿದ್ದಾರೆ. ಮರದ ಮನೆ ಕಟ್ಟಿ ರೂಢಿಯಿದ್ದ ಕೈಗಳೇ ಈ ಕಲ್ಲನ್ನೂ ಕಡೆದಿರಬೇಕು.

"ಮೊದಲ ಇದು ಸಭಾಮಂಟಪ ಇತ್ತು ಅಂತಾರ್ರೀ. ಮದುವಿ ಮಂಟಪ ಅಂತನೂ ಅಂತಾರ" ಅಂದರು ಗೈಡ್.

ನನಗೆ ನಗು ತಡೆಯಲಾಗಲಿಲ್ಲ. ಹುಡುಗಿ ಯಾಕೆ ಅಂತ ನೋಡಿದಳು.

ಲಾಡಖಾನ್ ಯಾವ ರಾಜನೂ ಅಲ್ಲ. ಎಷ್ಟೋ ಕಾಲದ ಮೇಲೆ ಇಲ್ಲಿ ಸಂಸಾರ ಹೂಡಿದ್ದವನು, ಅಷ್ಟೇ. ಕಟ್ಟಿಸಿದವರ ಹೆಸರು ಹೋಯ್ತು, ವಾಸವಿದ್ದವನ ಹೆಸರು ನಿಂತಿತು. ಪಕ್ಕದ್ದು ಗೌಡರ ಗುಡಿ, ಆಚೆಯದು ಅಂಬಿಗೇರ ಗುಡಿ. ದುರ್ಗದ ಗುಡಿಯ ಕಥೆ ಇನ್ನೂ ಮಜಾ. ಅದು ದುರ್ಗವ್ವನದಲ್ಲ, ಕೋಟೆಗೆ ಸೇರಿಕೊಂಡಿದ್ದಕ್ಕೆ ಆ ಹೆಸರು. ಇಷ್ಟೊಂದು ಹೆಸರುಗಳಲ್ಲಿ ಐನೂರ್ವರ ಹೆಸರಿನ ಬೋರ್ಡು ಒಂದೂ ಕಾಣಲಿಲ್ಲ. ಹುಡುಗಿ ಮುಖ ಸಣ್ಣ ಮಾಡಿದಳು. ಬರೆಯಲು ಫೋಟೋ ಬೇಕಿತ್ತಲ್ಲ, ಕೊನೆಗೆ ಲಾಡಖಾನನ ಕಂಬಗಳದ್ದೇ ತೆಗೆದುಕೊಂಡಳು.

ಸಂಜೆ ಊರಿಗೆ ಬಂದಾಗ ಸಂಘದ ಲೆಕ್ಕದ ಪುಸ್ತಕ ನೆನಪಾಯಿತು. ಹಾಲಿನ ಹಿಂದಿನ ಕೋಣೆಗೆ ಹೋದೆ. ಕಪಾಟಿಗೆ ಅಡ್ಡ ಬೀಗರ ಟ್ರಂಕುಗಳು, ಅದರ ಮೇಲೆ ಮಲಗಿದ ಕೂಸು. ಎಬ್ಬಿಸಲು ಮನಸ್ಸಾಗಲಿಲ್ಲ. ವಾಪಸು ಹೊರಟವನನ್ನು ಗುರುತಿಲ್ಲದ ಅಜ್ಜಿಯೊಬ್ಬರು ತಡೆದರು. "ಯಾರ ಕಡಿಯವರ್ರೀ? ಊಟಾ ಮಾಡಿ ಹೋಗ್ರಿ."

"ಈ ಹಾಲಿನ ಕಡಿಯವ್ರಿ" ಅಂದು ಪಂಕ್ತಿಯಲ್ಲಿ ಕುಳಿತೆ. ಮಾದಲಿ ಚೆನ್ನಾಗಿತ್ತು.