ವ್ಯಾನಿಗೆ ನೆರಳು, ಪ್ಯಾನೆಲ್‌ಗೆ ಬಿಸಿಲು

ಶನಿವಾರ, 15 ಮಾರ್ಚ್ 2025

ಬೆಳಗ್ಗೆಯಿಂದ ವ್ಯಾನ್ ಟಾಪ್ ಮೇಲೇ ಇದ್ದೆ, ಸೊಂಟ ಹಿಡ್ಕೊಂಡಿದೆ, ಆದ್ರೂ ಬೇಕಾದಾಗ ಬಿಚ್ಚಿ ಕೆಳಗಿಳಿಸೋ ಥರದ ಸೋಲಾರ್ ಪ್ಯಾನೆಲ್ ಕೊನೆಗೂ ಕೂತಿದೆ ಅನ್ನೋ ಖುಷೀಲಿ ಇವತ್ತೇ ಬರೆದುಬಿಡೋಣ ಅಂತ.

100 ವ್ಯಾಟ್‌ದು, ಸುಮಾರು ಒಂದು ಮೀಟರ್ ಉದ್ದ ಅರ್ಧ ಮೀಟರ್ ಅಗಲ, ಒಬ್ರೇ ಎತ್ತಿ ಇಳಿಸ್ಬೋದು. ತಮ್ಮ ಶುರುವಲ್ಲೇ ಕೇಳ್ದ, "ಅಣ್ಣಾ, ಗಮ್ ಹಾಕಿ ಅಂಟಿಸ್ಬಿಟ್ರೆ ಮುಗೀತಲ್ವಾ, ಬಿಚ್ಚೋದು ಹಾಕೋದು ಯಾಕೆ ಈ ತಲೆನೋವು?" ಅಂಟಿಸ್ಬೋದು, ತುಂಬಾ ಜನ ಹಾಗೇ ಮಾಡ್ತಾರೆ. ಆದ್ರೆ ಆಗ ವ್ಯಾನ್ ಎಲ್ಲೋ ಪ್ಯಾನೆಲ್ಲೂ ಅಲ್ಲೇ. ಬಿಸಿಲಲ್ಲಿ ನಿಲ್ಸಿದ್ರೆ ಒಳಗೆ ಮಲಗೋರು ಬೆಂದುಹೋಗ್ತಾರೆ, ಮರದ ಕೆಳಗೆ ನಿಲ್ಸಿದ್ರೆ ಸಂಜೆಗೆ ಬ್ಯಾಟರಿ ಡೌನು.

ಸ್ವಲ್ಪ ನೆರಳು ಬಿದ್ರೆ ಏನ್ಮಹಾ ಅಂದ ಅವ್ನು. ಕರ್ಚೀಫ್ ದಪ್ಪಗೆ ಮಡಚಿ ಒಂದೇ ಒಂದು ಸೆಲ್ (ಪ್ಯಾನೆಲ್ ಮೇಲಿನ ಒಂದು ಬಿಲ್ಲೆ) ಮೇಲೆ ಇಟ್ಟು ಮೀಟರ್ ನೋಡು ಅಂದೆ. 5 ಆಂಪ್ ಬರ್ತಿದ್ದದ್ದು 1ಕ್ಕಿಂತ ಕೆಳಗೆ ಬಿತ್ತು. 36 ಸೆಲ್ಲೂ ಸೀರೀಸ್‌ನಲ್ಲಿವೆ, ಅಂದ್ರೆ ಸರಪಳಿ ಥರ ಒಂದಕ್ಕೊಂದು ಸೇರ್ಕೊಂಡಿವೆ, ಒಂದು ತಡೆದ್ರೆ ಮಿಕ್ಕವೆಲ್ಲ ನಿಲ್ತವೆ, ಕರೆಂಟ್‌ಗೆ ಅಡ್ಡದಾರಿ ಕೊಡೋ ಬೈಪಾಸ್ ಡಯೋಡ್ ಆ ಸೆಲ್ ಇರೋ ಅರ್ಧವನ್ನ ಬಿಟ್ಟು ಹೋಗುತ್ತೆ ಸರಿ, ಆದ್ರೆ ಉಳಿದರ್ಧದಲ್ಲಿ ಸಿಗೋ 9 ವೋಲ್ಟ್ ಇಟ್ಕೊಂಡು 12 ವೋಲ್ಟ್ ಬ್ಯಾಟರಿ ಚಾರ್ಜ್ ಆಗೋದು ಹೇಗೆ? ಕರ್ಚೀಫ್ ತೆಗೆದ, ಮತ್ತೆ ಇಟ್ಟ, ಮತ್ತೆ ತೆಗೆದ. ಆಮೇಲೆ ಗಮ್ ಮಾತೆತ್ತಲಿಲ್ಲ.

ಫಿಟ್ಟಿಂಗ್ ವಿಷಯಕ್ಕೆ ಬರೋಣ. ನಾವು ಬಿಚ್ಚಬೇಕು, ಗಾಳಿ ಬಿಚ್ಚಬಾರದು, ಇಷ್ಟೇ ಕಥೆ. 100 ಕಿ.ಮೀ. ಸ್ಪೀಡಲ್ಲಿ ಈ ಸೈಜಿನ ಹಲಗೆ ಗಾಳಿಗೆ ಎದ್ದು ನಿಂತ್ರೆ ಇಪ್ಪತ್ತು ಕೆಜಿಗಿಂತ ಜಾಸ್ತಿ ಒತ್ತಡ ಬೀಳುತ್ತೆ, ಲಾರಿ ಪಕ್ಕ ಹಾದುಹೋದಾಗಿನ ಜಗ್ಗಾಟ ಬೇರೆ. ಅದಕ್ಕೇ ಮುಂದಿನ ಎರಡು ಬ್ರಾಕೆಟ್ಟನ್ನ ಕೊಕ್ಕೆ ಥರ ಬಗ್ಗಿಸಿದ್ದು, ಅವು ಕ್ಯಾರಿಯರ್ ಪಟ್ಟಿ ಕೆಳಗೆ ತೂರ್ಕೊಂಡು ಕೂರ್ತವೆ, ಮುಂದಿನ ತುದಿ ಮೇಲೇಳೋ ಮಾತೇ ಇಲ್ಲ. ಹಿಂದೆ ಎರಡು ದಪ್ಪ ಪಿನ್, ಅವು ಜಾರದೇ ಇರೋಕೆ ತುದೀಲಿ ಕ್ಲಿಪ್. ನೈಲಾನ್ ಇರೋ ಲಾಕ್‌ನಟ್ ಹಾಕು ಅಂತ ಹೇಳೋರಿದಾರೆ, ಅದನ್ನ ಪದೇ ಪದೇ ಬಿಚ್ತಾ ಇದ್ರೆ ನೈಲಾನ್ ಸವೆದು ಹಿಡಿತ ಹೋಗುತ್ತೆ, ದಿನಾ ಬಿಚ್ಚೋ ಜಾಗಕ್ಕಲ್ಲ ಅದು. ಇಷ್ಟೆಲ್ಲ ಆದ್ಮೇಲೂ ಫ್ರೇಮಿಂದ ಕ್ಯಾರಿಯರ್‌ಗೆ ಒಂದು ಗಿಡ್ಡ ಸ್ಟೀಲ್ ರೋಪ್ ಬಿಗಿದಿದೀನಿ. ಹಿಂದೆ ಬೈಕಲ್ಲಿ ಬರೋರ ಮೇಲೆ ಬಿದ್ರೆ ಯಾರು ಹೊಣೆ?

ಕೆಳಗೆ ಎರಡು ಬೆರಳು ಹೋಗೋಷ್ಟು ಗ್ಯಾಪ್ ಬಿಟ್ಟಿದೀನಿ. ಪ್ಯಾನೆಲ್ ಮೇಲೆ ಬರೆದಿರೋ ವ್ಯಾಟ್ 25 ಡಿಗ್ರಿ ಲೆಕ್ಕದ್ದು, ಬಿಸಿಲಿಗೆ ಸೆಲ್ 65 ಡಿಗ್ರಿಗೆ ಹೋದ್ರೆ ಏನಿಲ್ಲಾ ಅಂದ್ರೂ ಹತ್ತು ಹನ್ನೆರಡು ಪರ್ಸೆಂಟ್ ಹೊರಟೋಗುತ್ತೆ, ಕೆಳಗೆ ಗಾಳಿ ಆಡಿದ್ರೆ ಒಂಚೂರು ಉಳೀತದೆ.

ಜಾಸ್ತಿ ಹೊತ್ತು ತಿಂದಿದ್ದು ವೈರಿಂಗು. ಕೆಳಗಿಳಿಸಿ ಬಿಸಿಲಿಗೆ ಇಡೋಕೆ ಐದು ಮೀಟರ್ ಕೇಬಲ್ ಬೇಕು, 4 ಸ್ಕ್ವೇರ್ ಎಂಎಂ ದಪ್ಪದ್ದು ತಗೊಂಡೆ, ಹೋಗಿಬರೋ ಹತ್ತು ಮೀಟರ್‌ಗೆ ಕಾಲು ವೋಲ್ಟ್ ಡ್ರಾಪ್ ಅಷ್ಟೇ, ಅದೇ 1.5 ಆಗಿದ್ರೆ ಮುಕ್ಕಾಲು ವೋಲ್ಟ್ ಹತ್ರ ಹತ್ರ ಹೋಗ್ತಿತ್ತು. ಪ್ಯಾನೆಲ್ ಜೊತೆ ಬರೋ ಎಂಸಿ4 ಕನೆಕ್ಟರ್ ಒಂದ್ಸಲ ಹಾಕಿ ಬಿಡೋದಕ್ಕೆ ಮಾಡಿದ್ದು, ಬಿಚ್ಚೋಕೆ ಅಂತ ನಡುವೆ ಆಂಡರ್ಸನ್ ಪ್ಲಗ್ ಕೊಟ್ಟಿದೀನಿ. ಅದನ್ನೂ ಕರೆಂಟ್ ಹರೀತಿರೋವಾಗ ಕೀಳೋ ಹಾಗಿಲ್ಲ, ಪ್ಯಾನೆಲ್‌ನ ಡಿಸಿ ಕಿಡಿ ಮನೆ ಕರೆಂಟಿನ ಎಸಿ ಥರ ತಾನಾಗೇ ಆರೋ ಜಾತಿ ಅಲ್ಲ. ಮೊದ್ಲು ಪ್ಯಾನೆಲ್ ಮೇಲೆ ದಪ್ಪ ಬೆಡ್‌ಶೀಟ್ ಹೊದಿಸೋದು, ಮೀಟರ್ ಸೊನ್ನೆಗೆ ಬಂತಾ ನೋಡೋದು, ಆಮೇಲೆ ಪ್ಲಗ್ ಕೀಳೋದು. ಬ್ಯಾಟರಿ ಚಾರ್ಜ್ ಆಗೋದನ್ನ ನೋಡ್ಕೊಳ್ಳೋ ಕಂಟ್ರೋಲರ್‌ಗೆ ಮೊದ್ಲು ಬ್ಯಾಟರಿ ವೈರು, ಆಮೇಲೆ ಪ್ಯಾನೆಲ್ದು, ಬಿಚ್ಚುವಾಗ ಉಲ್ಟಾ. ಬ್ಯಾಟರಿ ಪಾಸಿಟಿವ್ ಪಕ್ಕದಲ್ಲೇ ಫ್ಯೂಸ್.

ಎಲ್ಲಾ ಮುಗಿದು ಕೆಳಗಿಳಿದ್ಮೇಲೆ ತಮ್ಮ, "ನಮಗೆ ಇಷ್ಟು ಸಲೀಸಾಗಿ ಬಿಚ್ಚೋಕೆ ಬರುತ್ತೆ ಅಂದ್ರೆ ಕಳ್ಳನಿಗೂ ಬರುತ್ತಲ್ಲಣ್ಣ" ಅಂದ. ಮಾತು ಸರಿ. ಹಿಂದಿನ ಒಂದು ಪಿನ್ ತೆಗೆದು ಅದೇ ತೂತಿಗೆ ಬೀಗ ಹಾಕಿದೀವಿ, ಒಂದು ಕೀ ಅವನ ಹತ್ರ, ಇನ್ನೊಂದು ಗ್ಲೋವ್‌ಬಾಕ್ಸಲ್ಲಿ.