ಕೀ ಕೊಟ್ಟು ರಜೆಗೆ ಹೋದೆ

ಪ್ರತಿ ತಿಂಗಳು 27ಕ್ಕೆ ಸಂಬಳದ ಫೈಲು ನನ್ನ ಪಬ್ಲಿಕ್ ಕೀಯಿಂದ ಲಾಕ್ ಆಗಿ ಬರುತ್ತದೆ. ಪಬ್ಲಿಕ್ ಕೀ ಯಾರ ಬಳಿ ಇದ್ದರೂ ಲಾಕ್ ಮಾಡಲಷ್ಟೇ ಆಗುತ್ತದೆ; ತೆರೆಯುವುದಕ್ಕೆ ನನ್ನೊಬ್ಬನ ಬಳಿ ಇರುವ ಪ್ರೈವೇಟ್ ಕೀ ಬೇಕು. ತೆರೆದು ಬ್ಯಾಂಕಿಗೆ ಹಾಕುವುದು ನನ್ನ ಕೆಲಸ. ಆ ಸಲ ಸರಿಯಾಗಿ ಅದೇ ದಿನ ತೀರ್ಥಹಳ್ಳಿಯಲ್ಲಿ ತಂಗಿ ಮದುವೆ. ಜಯನಗರದ ಆಫೀಸಿನಲ್ಲಿ ಪಕ್ಕದ ಸೀಟಿನ ಹುಡುಗನಿಗೆ ಪ್ರೈವೇಟ್ ಕೀಯನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ಆ ಕೀ ಬಳಸಲು ಬೇಕಾದ ಗುಟ್ಟಿನ ಪದವನ್ನು, ಅಂದರೆ ಪಾಸ್‌ಫ್ರೇಸನ್ನು, ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವಾಗ ಫೋನಿನಲ್ಲಿ ಹೇಳಿದೆ. ಒಂದೊಂದೇ ಅಕ್ಷರ, ಅಕ್ಕಪಕ್ಕದವರಿಗೂ ಕೇಳುವಷ್ಟು ಜೋರಾಗಿ.

ವಾಪಸ್ ಬಂದು ಪಾಸ್‌ಫ್ರೇಸ್ ಬದಲಾಯಿಸಿದೆ. ಮುಗಿಯಿತು ಅಂದುಕೊಂಡೆ. ಸೆಕ್ಯುರಿಟಿ ನೋಡಿಕೊಳ್ಳುವ ಮೇಡಂ ಬೈಟು ಕಾಫಿ ಕುಡಿಯುತ್ತಾ ಕೇಳಿದರು: “ನೀವು ಬದಲಾಯಿಸಿದ್ದು ನಿಮ್ಮ ಲ್ಯಾಪ್‌ಟಾಪಿನ ಕಾಪಿಗೆ. ಪೆನ್‌ಡ್ರೈವಿನ ಕಾಪಿಗೆ ಹಳೇದೇ ನಡೆಯುತ್ತೆ ಅಲ್ವಾ?”

ನಡೆಯುತ್ತೆ. ಕೊಡಬೇಕಿದ್ದದ್ದು ಒಂದು ಫೈಲು. ಕೊಟ್ಟದ್ದು ನಾಲ್ಕು ವರ್ಷದ ಎಲ್ಲರ ಸಂಬಳ. ಹುಡುಗ ಒಳ್ಳೆಯವನೇ, ಅದು ಬೇರೆ ಮಾತು. ಹೊಸ ಕೀ ಮಾಡಿಕೊಂಡೆ. ಆದರೆ ಹಳೇ ಮೇಲುಗಳಲ್ಲಿ ಬಿದ್ದಿರುವ ಫೈಲುಗಳು ಹಳೇ ಕೀಗೆ ಇವತ್ತಿಗೂ ತೆರೆದುಕೊಳ್ಳುತ್ತವೆ.

ನನಗೆ ಗೊತ್ತಿರಬೇಕಿದ್ದ ವಿಷಯ ಇಷ್ಟೇ. ನಾವು ಲಾಕ್ ಮಾಡಲು ಬಳಸುವ ಜಿಪಿಜಿ ಎಂಬ ಸಾಫ್ಟ್‌ವೇರಿನಲ್ಲಿ ಫೈಲನ್ನು ಲಾಕ್ ಮಾಡುವುದು ಪಬ್ಲಿಕ್ ಕೀ ಅಲ್ಲ, ಆ ಫೈಲಿಗೆಂದೇ ಹುಟ್ಟುವ ಒಂದು ಸೆಷನ್ ಕೀ. ಪಬ್ಲಿಕ್ ಕೀ ಆ ಸೆಷನ್ ಕೀಯನ್ನು ಮಾತ್ರ ಮುಚ್ಚಿಡುತ್ತದೆ. ‘ಶೋ ಸೆಷನ್ ಕೀ’ ಎಂಬ ಆಪ್ಷನ್ ಕೊಟ್ಟರೆ ಅದು ಉದ್ದದ ಸಾಲಾಗಿ ತೆರೆಯ ಮೇಲೆ ಬರುತ್ತದೆ. ಆ ಸಾಲು ಸಿಕ್ಕವರು ಆ ಒಂದು ಫೈಲು ಓದಬಹುದು, ಪಕ್ಕದ್ದನ್ನಲ್ಲ. ಆ ಸಾಲನ್ನಷ್ಟೇ ಹುಡುಗನಿಗೆ ಕಳಿಸಿದ್ದರೆ ಸಾಕಿತ್ತು; ಮದುವೆ ಮನೆಯಿಂದಲೇ, ಲ್ಯಾಪ್‌ಟಾಪ್ ಜೊತೆಗಿದ್ದಿದ್ದರೆ, ಕೆಲಸ ಆಗಿಬಿಡುತ್ತಿತ್ತು.

ನಾನು ಇಲ್ಲದಾಗಲೂ ನಡೆಯಬೇಕು ಎಂದರೆ ಪ್ರಾಕ್ಸಿ ರೀಎನ್‌ಕ್ರಿಪ್ಷನ್ ಇದೆ. ನಡುವಿನ ಸರ್ವರ್ ಕಂಪ್ಯೂಟರಿಗೆ ಒಂದು ಬದಲಿ ಕೀ ಕೊಡುವುದು. ನನಗೆ ಲಾಕ್ ಆದದ್ದನ್ನು ಅದು ಹುಡುಗನ ಕೀಗೆ ತಿರುಗಿಸುತ್ತದೆ, ಒಳಗೇನಿದೆ ಎಂದು ತಾನು ಓದಲಾರದು. 1998ರಲ್ಲಿ ಬ್ಲೇಜ್, ಬ್ಲೂಮರ್, ಸ್ಟ್ರಾಸ್ ಎಂಬ ಸಂಶೋಧಕರು ತೋರಿಸಿದ ಮೊದಲ ವಿಧಾನದಲ್ಲಿ ಒಂದು ತೊಡಕಿತ್ತು: ಆ ಸರ್ವರ್ ಮತ್ತು ಹುಡುಗ ಕೈಜೋಡಿಸಿದರೆ ನನ್ನ ಪ್ರೈವೇಟ್ ಕೀಯೇ ಹೊರಬರುತ್ತದೆ. 2005ರಲ್ಲಿ ಅಟೆನೀಸೆ ಮತ್ತು ಜೊತೆಗಾರರು ಕೊಟ್ಟ ವಿಧಾನ ಅದನ್ನು ತಡೆಯುತ್ತದೆ, ಒಂದೇ ದಿಕ್ಕಿಗೆ ನಡೆಯುತ್ತದೆ: ನನ್ನದನ್ನು ಹುಡುಗನಿಗೆ ತಿರುಗಿಸುತ್ತದೆ, ಅವನದನ್ನು ನನಗಲ್ಲ.

ಓದಿ ಖುಷಿಪಟ್ಟೆ. ಆದರೆ ತಿಂಗಳಿಗೊಂದು ಫೈಲಿಗೆ ಇಷ್ಟೆಲ್ಲ ಜಾಸ್ತಿ ಆಯಿತು. ಫೈಲು ಕಳಿಸುವವರಿಗೆ ಫೋನ್ ಮಾಡಿ, ಇನ್ನು ಮುಂದೆ ಇಬ್ಬರ ಪಬ್ಲಿಕ್ ಕೀಗೂ ಲಾಕ್ ಮಾಡಿ ಅಂದೆ. “ಅಷ್ಟೇನಾ ಸಾರ್? ಮೊದಲೇ ಹೇಳಬಾರದಿತ್ತಾ” ಅಂದರು.